ರೇಖೆಯ ಮೇಲಿರುವವರ ಬಡತನ

ಯಾವ ದೇಶದಲ್ಲಿ ಬಡವರು ಎಷ್ಟು ಎಂಬ ಪ್ರಶ್ನೆಗೆ ದೊರೆಯುವ ಉತ್ತರವು ಬಹುಮಟ್ಟಿಗೆ ಅಳತೆಗೋಲನ್ನು ಅವಲಂಬಿಸಿರುತ್ತದೆ. ಅಮೆರಿಕವು 1960ರ ದಶಕದಲ್ಲಿ ಕುಟುಂಬವೊಂದರ ಕನಿಷ್ಠ ಆಹಾರವೆಚ್ಚವನ್ನು ಮೂರರಿಂದ ಗುಣಿಸಿ ತನ್ನ ಬಡತನ ರೇಖೆಯನ್ನು ಎಳೆಯಿತು. ಬೆಲೆಯೇರಿಕೆಗೆ ತಕ್ಕಂತೆ ತಿದ್ದಿದ ಅದೇ ರೇಖೆಯ ಪ್ರಕಾರ 2023ರಲ್ಲಿ ಅಲ್ಲಿ ಶೇಕಡಾ 11.1ರಷ್ಟು ಜನ ಬಡವರು. ಈ ಅಂಕಿಯನ್ನು ಭಾರತದ ಅಂಕಿಯ ಪಕ್ಕದಲ್ಲಿಟ್ಟು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸೇರನ್ನು ಗಜದೊಡನೆ ಹೋಲಿಸಿದಂತೆಯೇ ಸರಿ.

ನಮ್ಮ ದೇಶದೊಳಗೂ ಗೋಲು ಒಂದೇ ಆಗಿಲ್ಲ. 2011-12ರ ಲೆಕ್ಕದಲ್ಲಿ ತೆಂಡೂಲ್ಕರ್ ಸಮಿತಿಯ ಕ್ರಮದಂತೆ ಬಡವರು ಶೇಕಡಾ 21.9, ಅದೇ ವರ್ಷಕ್ಕೆ ರಂಗರಾಜನ್ ಸಮಿತಿಯ ಕ್ರಮದಂತೆ ಶೇಕಡಾ 29.5. ಮೊದಲನೆಯ ಕ್ರಮದಲ್ಲಿ ನಗರವಾಸಿಗೆ ನಿಗದಿಯಾದ ರೇಖೆ ತಿಂಗಳಿಗೆ ತಲಾ 1000 ರೂಪಾಯಿ. ಮುಂಬಯಿಯಲ್ಲೋ ದೆಹಲಿಯಲ್ಲೋ ಸಂಸಾರ ಹೂಡಿದವರಿಗೆ ಈ ಮೊತ್ತದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಪ್ರಗತಿಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಚೀನವು ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನರನ್ನು ಕಡುಬಡತನದಿಂದ ಹೊರತಂದಿತು. ದಿನಕ್ಕೆ 3 ಡಾಲರುಗಳ ರೇಖೆಯಂತೆ ಭಾರತದ ಕಡುಬಡವರು 2011-12ರಲ್ಲಿ ಶೇಕಡಾ 27.1 ಇದ್ದವರು 2022-23ರಲ್ಲಿ ಶೇಕಡಾ 5.3 ಎಂದು ವಿಶ್ವಬ್ಯಾಂಕು 2025ರಲ್ಲಿ ಅಂದಾಜು ಮಾಡಿತು; ನಡುವೆ ಸಮೀಕ್ಷೆಯ ಕ್ರಮ ಬದಲಾಗಿದ್ದರೂ ಇಳಿಕೆ ನಿಜವೇ. ಆದರೆ ರೇಖೆಯನ್ನು 4.20 ಡಾಲರಿಗೆ ಏರಿಸಿದೊಡನೆ ಅದೇ ವರ್ಷದ ಅಂಕಿ ಶೇಕಡಾ 23.9ಕ್ಕೆ ಜಿಗಿಯುತ್ತದೆ. ಅಂದರೆ ಮೇಲೆ ಬಂದವರಲ್ಲಿ ಬಹುಮಂದಿ ರೇಖೆಯ ಅಂಚಿನಲ್ಲೇ ನಿಂತಿದ್ದಾರೆ. ಅವರನ್ನು ಮರಳಿ ಕೆಳಕ್ಕೆ ತಳ್ಳುವುದು ಯಾವುದು?

ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು ರಾಜಸ್ಥಾನ, ಗುಜರಾತ, ಆಂಧ್ರಗಳಲ್ಲಿಯೂ ಕೆನ್ಯಾ, ಉಗಾಂಡ, ಪೆರು ದೇಶಗಳಲ್ಲಿಯೂ ಸಾವಿರಾರು ಕುಟುಂಬಗಳ ಏಳುಬೀಳುಗಳನ್ನು ವಿಚಾರಿಸಿ 2010ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಡತನಕ್ಕೆ ಬಿದ್ದವರು ಹೇಳಿದ ಕಾರಣಗಳಲ್ಲಿ ಮುಖ್ಯವಾದುದು ಕಾಯಿಲೆ ಮತ್ತು ಅದರ ಖರ್ಚು. ಮೊದಲು ದುಡಿಯುವವನ ಕೂಲಿ ನಿಲ್ಲುತ್ತದೆ, ಅನಂತರ ಒಡವೆ ಅಡವಿಗೆ ಹೋಗುತ್ತದೆ, ಬಳಿಕ ಬಡ್ಡಿಸಾಲ, ಕೊನೆಗೆ ಮಗನ ಓದು ನಿಲ್ಲುತ್ತದೆ. ಒಂದೆಡೆ ಸರ್ಕಾರ ಮೇಲೆತ್ತುತ್ತಿರುವಾಗ ಇನ್ನೊಂದೆಡೆ ಔಷಧದಂಗಡಿಯ ಚೀಟಿ ಕೆಳಗಿಳಿಸುತ್ತಿರುತ್ತದೆ. ಜಮೆಯನ್ನು ಮಾತ್ರ ತೋರಿಸಿ ಖರ್ಚನ್ನು ಮುಚ್ಚಿಡುವ ಲೆಕ್ಕವನ್ನು ಯಾವ ಅಂಗಡಿಯಲ್ಲೂ ಒಪ್ಪುವುದಿಲ್ಲ. ದೇಶದ ಲೆಕ್ಕದಲ್ಲಿ ಮಾತ್ರ ಒಪ್ಪುತ್ತೇವೆ.

ಈ ವಿಷಯದಲ್ಲಿ ಥಾಯ್ಲೆಂಡಿನ ನಿದರ್ಶನ ಗಮನಾರ್ಹವಾದುದು. 1997ರ ಹಣಕಾಸಿನ ಮುಗ್ಗಟ್ಟಿನಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಆ ದೇಶ 2001ರಲ್ಲಿ, ಬೇರೆ ವಿಮೆಯಿಲ್ಲದವರೆಲ್ಲರಿಗೂ ಒಂದು ಭೇಟಿಗೆ 30 ಬಾತ್ ಮಾತ್ರ ಕೊಟ್ಟು ಚಿಕಿತ್ಸೆ ಪಡೆಯುವ ವ್ಯವಸ್ಥೆಯನ್ನು ತಂದಿತು. ಹಣ ತೆರಿಗೆಯಿಂದ ಬಂದಿತು. ಹೊರರೋಗಿಗಳ ಚಿಕಿತ್ಸೆಗಾಗಿ ನೋಂದಾಯಿತ ಜನರ ತಲೆಯೆಣಿಕೆಯ ಮೇಲೆ ಆಸ್ಪತ್ರೆಗೆ ಹಣ ಕೊಡುವ ಕ್ರಮವಿದ್ದುದರಿಂದ ಅನಗತ್ಯ ಪರೀಕ್ಷೆ ಬರೆಯುವ ಆಸೆಗೆ ಆಸ್ಪದ ಕಡಿಮೆಯಾಯಿತು. ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ಕೈಯಿಂದ ತೆರುತ್ತಿದ್ದ ಪಾಲು ಸುಮಾರು ಮೂರರಲ್ಲಿ ಒಂದರಿಂದ ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿಯಿತು.

ಭಾರತದಲ್ಲಿ ಈ ಪಾಲು 2013-14ರಲ್ಲಿ ಶೇಕಡಾ 64.2 ಇದ್ದುದು 2021-22ರಲ್ಲಿ ಶೇಕಡಾ 39.4ಕ್ಕೆ ಇಳಿದಿದೆ, ಇದು ಸಣ್ಣ ಸಾಧನೆಯಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ವಿಮೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒಳರೋಗಿ ಚಿಕಿತ್ಸೆ ಒದಗಿಸುತ್ತದೆ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತಹ ದೀರ್ಘಕಾಲದ ವ್ಯಾಧಿಗಳಲ್ಲಿ ಸಂಸಾರವನ್ನು ಸೋಸುವುದು ಪ್ರತಿ ತಿಂಗಳೂ ಕೊಳ್ಳಬೇಕಾದ ಮಾತ್ರೆ. ಹೊರರೋಗಿಯ ಆ ಖರ್ಚು ವಿಮೆಗೆ ಒಳಪಟ್ಟಿಲ್ಲ. ತಮಿಳುನಾಡು 1990ರ ದಶಕದಲ್ಲಿ ಔಷಧಗಳನ್ನು ಸಗಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಹಂಚಲು ನಿಗಮವನ್ನೇ ಸ್ಥಾಪಿಸಿತು. ರಾಜಸ್ಥಾನ 2011ರಲ್ಲಿ ಉಚಿತ ಔಷಧ ಯೋಜನೆ ತಂದಿತು. ಮಾರ್ಗ ಹೊಸದಾಗಿ ಹುಡುಕಬೇಕಾದುದೇನೂ ಅಲ್ಲ.

ಊರು ಬಿಟ್ಟು ಬಂದ ದುಡಿಮೆಗಾರನಿಗಂತೂ ಇದು ತುರ್ತಿನ ಮಾತು. ವಿಮೆಯ ಚೀಟಿ ಉಡುಪಿಯದಾದರೂ ಮುಂಬಯಿಯ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯುತ್ತದೆ. ಹೋಟೆಲಿನಲ್ಲಿ ದುಡಿಯುವ ಆತನ ರಕ್ತದೊತ್ತಡದ ಮಾತ್ರೆಗೆ ಮಾತ್ರ, ಊರಿಗೆ ಕಳುಹಿಸಬೇಕಾದ ಹಣದಿಂದಲೇ ಕಡಿತವಾಗಬೇಕು.