ತಂತಿಬೇಲಿಯ ತೊಂದರೆ

ಈ ಸಲ ನಮ್ಮ ಹಿತ್ತಿಲ ಬೇಲಿಯ ಕಥೆ ಹೇಳುತ್ತೇನೆ. ಇದರಲ್ಲಿ ಪೆಚ್ಚಾದವನು ನಾನೇ ಆದುದರಿಂದ ಯಾರೂ ಬೇಸರಪಡಬೇಕಾಗಿಲ್ಲ.

ವರ್ಗವಾಗಿ ಇಬ್ರಾಹಿಂಪಟ್ನಂಗೆ ಬಂದ ಮೊದಲ ವರ್ಷ. ತೆಲುಗು ಇನ್ನೂ ಕಿವಿಗೆ ಹತ್ತಿರಲಿಲ್ಲ. ಬಾಡಿಗೆ ಮನೆಯ ಹಿತ್ತಿಲಲ್ಲಿ ನಮ್ಮಾಕೆ ಊರಿನಿಂದ ತಂದ ಅವರೆ, ಹೀರೆ ಬೀಜ ಹಾಕಿದ್ದಳು. ಬಳ್ಳಿ ಹೂಬಿಟ್ಟ ವಾರವೇ ಬೀದಿಯ ಎಮ್ಮೆಗಳು ನುಗ್ಗಿ, ಒಂದೇ ಬೆಳಗಿನಲ್ಲಿ ಎಲ್ಲವನ್ನೂ ಮೇದುಹೋದುವು. ಆಕೆ ಆ ದಿನ ಊಟ ಮಾಡಲಿಲ್ಲ. ಬೇಲಿ ಹಾಕಿಸಿದರೆ ಅರ್ಧ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ಮನೆಯ ಯಜಮಾನರು ಒಪ್ಪಿದರು. ಉಳಿದರ್ಧಕ್ಕೆ, ದೀಪಾವಳಿಯ ಸೀರೆಗೆಂದು ಕೂಡಿಟ್ಟ ಹಣವಿತ್ತು.

ರಸ್ತೆಯ ಬದಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಬೇಲಿ ನೇಯುವುದನ್ನು ಕಣ್ಣಾರೆ ಕಂಡೆ. ನೇಯುವುದೆಂಬ ಮಾತು ತಪ್ಪಲ್ಲ. 1844ರಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ ತಂತಿಬಲೆಯ ಯಂತ್ರವನ್ನು ಕಟ್ಟಿದುದು ಬಟ್ಟೆಯ ಮಗ್ಗಕ್ಕೆ ಹೆಸರಾದ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ. ಮಗ್ಗವೇ ಅವನಿಗೆ ಮಾದರಿ.

ತಂತಿಗೆ ಮೂಲ, ಉಕ್ಕಿನ ಸರಳಿನ ಸುರುಳಿ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿಯೂ ಇಂಥ ಸುರುಳಿಗಳು ತಯಾರಾಗುತ್ತವೆ. ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳ ತೂತಿನಲ್ಲಿ ಸರಳನ್ನು ಎಳೆದೆಳೆದು ತೆಳ್ಳಗೆ ಮಾಡುತ್ತಾರೆ. ಆಮೇಲೆ ಸುಮಾರು 450 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕರಗಿದ ಸತುವಿನೊಳಗೆ ಹಾಯಿಸುತ್ತಾರೆ. ಸತು ಬರಿಯ ಹೊದಿಕೆಯಲ್ಲ. ಸಣ್ಣ ಗೀರು ಬಿದ್ದಲ್ಲಿಯೂ ತಾನು ಸವೆದು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಗೇಜಿನ ಅಂಕಿ ಏರಿದಷ್ಟೂ ತಂತಿ ತೆಳು. 10ನೆಯ ಗೇಜು 3.25 ಮಿಲಿಮೀಟರು, 12ನೆಯದು 2.64 ಮಾತ್ರ. ಸಂಬಳದ ಶ್ರೇಣಿ ನೋಡಿ ರೂಢಿಯಾದ ಗುಮಾಸ್ತನಿಗೆ ಹೆಚ್ಚಿನ ಅಂಕಿಯೇ ಮೇಲೆಂದು ತೋರುವುದು ಸಹಜ!

ಯಂತ್ರದಲ್ಲಿ ಚಪ್ಪಟೆಯಾದ ಅಲಗೊಂದು ಗಿರ್ರನೆ ತಿರುಗುತ್ತದೆ. ತಂತಿ ಅದಕ್ಕೆ ಸುತ್ತಿಕೊಂಡು ಅಂಕುಡೊಂಕಾಗಿ ಹೊರಬರುತ್ತ, ತಿರುಗುತ್ತಲೇ ಹಿಂದಿನ ಎಳೆಯೊಳಗೆ ಹೆಣೆದುಕೊಳ್ಳುತ್ತದೆ. ಅಳತೆಗೆ ಕತ್ತರಿಸಿ, ಎರಡು ತುದಿಗಳನ್ನು ನೆರೆಯ ಎಳೆಯ ತುದಿಗೆ ಮಡಿಚಿದರೆ ಒಂದು ಸಾಲು ಮುಗಿಯಿತು. ಮುಂದೆ ಎಲ್ಲಿಯಾದರೂ ತುಂಡಾದರೆ, ಆ ಒಂದೆಳೆಯನ್ನು ಮಾತ್ರ ತಿರುಗಿಸಿ ತೆಗೆದು ಹೊಸದನ್ನು ಸೇರಿಸಬಹುದು.

ನಮಗೆ ಬೇಕಾದುದು ಮೂರು ಕಡೆ ಸೇರಿ 100 ಅಡಿ. 50 ಅಡಿಯ ಎರಡು ಸುರುಳಿ, ಹತ್ತು ಅಡಿಗೊಂದರಂತೆ 11 ಕಂಬ ತಂದೆವು. ಮೇಸ್ತ್ರಿ ಆರಡಿಯ ಕಂಬಗಳನ್ನು ಎರಡಡಿ ನೆಲದಲ್ಲಿಳಿಸಿ ಕಾಂಕ್ರೀಟು ತುಂಬಿದ. ಮರುದಿನ ನಾನು "ನಾಳೆಯೇ ಬಲೆ ಎಳೆಯೋಣ, ನನಗೆ ರಜ ಮುಗಿಯುತ್ತದೆ" ಎಂದೆ. ಆತ ಕೈಮುಗಿದು, "ತೊಂದರ ಪಡಕಂಡಿ" ಎಂದ. ತೊಂದರೆ ತೆಗೆದುಕೊಳ್ಳಬೇಡಿ ಎಂದು ಮರ್ಯಾದೆಗೆ ಹೇಳುತ್ತಿದ್ದಾನೆಂದು ತಿಳಿದು, "ನನಗೇನೂ ತೊಂದರೆಯಿಲ್ಲ" ಎಂದು ನಕ್ಕೆ. ಅವನು ಬಾರದಿದ್ದಾಗ ಬೇರೊಬ್ಬ ಆಳನ್ನು ಕರೆದು, ಮೂರನೆಯ ದಿನ ಬಿಗಿಯಾಗಿ ಎಳೆಸಿಯೇಬಿಟ್ಟೆ. ಸಂಜೆಗೆ ಮೂಲೆಯ ಕಂಬ ಬುಡಸಮೇತ ಗೇಣುದ್ದ ವಾಲಿತು. ಬಲೆ ಜೋತುಬಿತ್ತು. ಬೆಳಗ್ಗೆ ಎಮ್ಮೆಯೊಂದು ಅದರ ಮೇಲೆ ಕತ್ತಿಟ್ಟು ಒಳಗೆ ನೋಡುತ್ತಿತ್ತು.

ತೆಲುಗಿನಲ್ಲಿ ತೊಂದರ ಎಂದರೆ ಅವಸರವೆಂದು ಆ ದಿನ ನೆರೆಮನೆಯವರಿಂದ ತಿಳಿಯಿತು.

ನಡುವಿನ ಕಂಬಗಳು ಬಲೆಯನ್ನು ಎತ್ತಿಹಿಡಿಯುತ್ತವೆ ಅಷ್ಟೆ. ಎಳೆತವನ್ನೆಲ್ಲ ಹೊರುವವು ಕೊನೆಯ ಮತ್ತು ಮೂಲೆಯ ಕಂಬಗಳು. ಕಾಂಕ್ರೀಟಿಗೆ ಏಳು ದಿನ ನೀರುಣಿಸಿದರೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬರುತ್ತದೆ. ಪೂರ್ಣ ಬಲಕ್ಕೆ 28 ದಿನದ ಲೆಕ್ಕ. ಕರಿಮಣ್ಣಿನಲ್ಲಂತೂ ಇನ್ನಷ್ಟು ಆಳ ಬೇಕು. ಅದು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿದು ಕಂಬವನ್ನು ಅಲುಗಿಸುತ್ತದೆ.

ಮತ್ತೆ ಆ ಮೇಸ್ತ್ರಿಯ ಮನೆಗೇ ಹೋದೆ. ಆತ ಒಂದು ಮಾತೂ ಆಡಿ ತೋರಿಸಲಿಲ್ಲ. ವಾಲಿದ ಕಂಬವನ್ನು ಕಿತ್ತು, ಆಳವಾಗಿ ನೆಟ್ಟು, ಕೊನೆಗಂಬ ಮೂಲೆಗಂಬಗಳಿಗೆಲ್ಲ ಓರೆಯಾಗಿ ಒತ್ತುಗಂಬ ಕೊಟ್ಟ. ವಾರ ಕಳೆದ ಬಳಿಕ ಮೇಲೆ, ನಡುವೆ, ಕೆಳಗೆ ಮೂರು ಸಾಲು ತಂತಿ ಬಿಗಿದು, ಅವಕ್ಕೆ ಬಲೆಯನ್ನು ಕಟ್ಟಿದ. ಎರಡು ಸಲದ ಕೂಲಿಗೆ ಸೀರೆಯ ಹಣ ಪೂರಾ ಹೋಯಿತು.

ಬೇಲಿ ಇಂದಿಗೂ ನೆಟ್ಟಗಿದೆ. ಅವರೆ ಅದರ ಮೇಲೆಯೇ ಹಬ್ಬಿದೆ. ಕಾಯಿ ಬಿಟ್ಟಾಗ ಮೊದಲ ಬೊಗಸೆ ಮೇಸ್ತ್ರಿಯ ಮನೆಗೆ ಹೋಗುತ್ತದೆ. ಸೀರೆಯನ್ನು ಮರುವರ್ಷ ತಂದೆ. ಅಂಗಡಿಯಲ್ಲಿ ನಾನು ಗಡಿಯಾರ ನೋಡಿದಾಗ ನಮ್ಮಾಕೆ ಮೆಲ್ಲನೆ ಹೇಳಿದಳು: "ತೊಂದರ ಪಡಕಂಡಿ."