ಮುಖವನ್ನು ಓದಲಾರದ ಮಕ್ಕಳು

ಹಡಗಲಿ ತಾಲ್ಲೂಕಿನ ಹೊಳಲು, ಮೈಲಾರದ ಸೀಮೆಯಿಂದ ದುಡಿಯುವ ಕೈಗಳು ಗುಳೆ ಹೊರಡುವುದು ಹೊಸ ಸಂಗತಿಯೇನಲ್ಲ. ಅಜ್ಜ-ಅಜ್ಜಿಯರ ವಶದಲ್ಲುಳಿದ ಮಕ್ಕಳ ಶಾಲಾ ಹಾಜರಿಗೆ, ಬಿಸಿಯೂಟಕ್ಕೆ ಸರ್ಕಾರದಲ್ಲಿ ಲೆಕ್ಕವುಂಟು. ಅವರು ಅನ್ಯರ ಮನಸ್ಸನ್ನು ಹೇಗೆ ಅರಿಯುತ್ತಾರೆಂಬುದಕ್ಕೆ ಲೆಕ್ಕವಿಲ್ಲ. ಗುಳೆ ಹೋದ ತಾಯ್ತಂದೆಯರನ್ನು ನಾವು ದೂಷಿಸುತ್ತಿಲ್ಲ. ಹಸಿವು ಅವರನ್ನು ಅಟ್ಟಿದೆ. ಅಕ್ಕರೆಯ ಅಜ್ಜಿಯಿರುವ ಮನೆಯನ್ನು ಅಲಕ್ಷ್ಯದ ಮನೆಯೆನ್ನಲೂ ಆಗದು. ನಮ್ಮ ಚಿಂತೆ, ಮಾತನಾಡಿಸುವವರೇ ಇಲ್ಲದ, ಅಥವಾ ಮಾತಿಗೆ ಮೊದಲೇ ಏಟು ಬೀಳುವ ಮನೆಗಳದು. ಅಂಥವು ಸಿರಿವಂತರ ಓಣಿಯಲ್ಲೂ ಇವೆ.

ಏಟು ತಿಂದ ಮಗುವೂ ಅಲಕ್ಷಿತ ಮಗುವೂ ಒಂದೇ ಬಗೆಯಲ್ಲಿ ನೋಯುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸೇತ್ ಪೊಲಾಕ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲಕ್ಷಿತ ಮಕ್ಕಳಿಗೆ ಮುಖಭಾವಗಳನ್ನು ಬೇರ್ಪಡಿಸಿ ಗುರುತಿಸುವುದೇ ಕಷ್ಟವಾಗಿತ್ತು. ಹೊಡೆತಕ್ಕೆ ಸಿಕ್ಕ ಮಕ್ಕಳೋ, ಭಾವಗಳು ಬೆರೆತ ಮುಖದಲ್ಲೂ ಕೋಪವನ್ನೇ ಕಂಡರೆಂದು 2002ರ ಅಧ್ಯಯನ ತಿಳಿಸಿತು.

ಸಂತ ಎಡಿತ್ ಸ್ಟೈನ್ ಅವರು ಹುಸೆರ್ಲರ ಶಿಷ್ಯೆಯಾಗಿ 1916ರಲ್ಲಿ ಮಂಡಿಸಿದ ಪ್ರಬಂಧದ ವಿಷಯ ಪರಾನುಭೂತಿ. ಅನ್ಯನ ದುಃಖ ಅವನ ಮುಖದಲ್ಲೇ ನಮಗೆ ಗೋಚರಿಸುತ್ತದೆ, ಆದರೂ ಅದು ಅವನದಾಗಿಯೇ ಉಳಿಯುತ್ತದೆಂಬುದು ಅವರ ವಿವೇಚನೆ. ಪೆಟ್ಟು ತಿಂದ ಮಗುವಿಗೆ ಈ 'ಅವನದು' ಎಂಬುದೇ ಕಾಣದು. ಎದುರಿನ ಮುಖದಲ್ಲಿ ಅದು ತನ್ನ ಭಯವನ್ನೇ ಓದುತ್ತದೆ. ಮೇಷ್ಟರು ಚಿಂತೆಯಿಂದ ಹುಬ್ಬು ಗಂಟಿಕ್ಕಿದರೆ ಕೋಪವೆಂದೆಣಿಸಿ ಸೆಟೆಯುತ್ತದೆ, ಇಲ್ಲವೇ ಸುಳ್ಳಾಡುತ್ತದೆ. ಅದನ್ನು ಉದ್ಧಟತನವೆಂದು ಬಗೆದ ಮೇಷ್ಟರು ಕೈಯೆತ್ತುತ್ತಾರೆ. ಅಲ್ಲಿಗೆ ಮಗುವಿನ ತಪ್ಪು ಊಹೆ ನಿಜವೇ ಆಯಿತು!

ಕಾನೂನಿಗೆ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಡಿ, ಮಗುವನ್ನು ವಶದಲ್ಲಿಟ್ಟುಕೊಂಡವರು ಹೊಡೆದರೂ ಅಲಕ್ಷಿಸಿದರೂ ಶಿಕ್ಷೆಯುಂಟು. 1098ಕ್ಕೆ ಕರೆ ಮಾಡಲು ಹಣ ಬೇಕಿಲ್ಲ. ಆದರೆ ಬರೆ ಕಂಡರಷ್ಟೇ ಕಾನೂನು ಎಚ್ಚರಗೊಳ್ಳುತ್ತದೆ. ನಮ್ಮ ಕ್ರೈಸ್ತ ಮನೆಗಳಲ್ಲಂತೂ ಜ್ಞಾನೋಕ್ತಿಗಳ ಬೆತ್ತವನ್ನು ನೆನೆಯುವ ಹಿರಿಯರಿಗೆ, ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿರೆಂದು ಸಂತ ಪೌಲರು ಕೊಲೊಸ್ಸೆಯರಿಗೆ ಬರೆದದ್ದು ನೆನಪಾಗುವುದು ವಿರಳ.

ಮನಸ್ಸಿನ ಮಾತನ್ನು ಕೇಳುತ್ತ ಬೆಳೆದ ಮಕ್ಕಳು ಅನ್ಯರ ಮನಸ್ಸನ್ನು ಬೇಗ ಅರಿಯುತ್ತಾರೆಂದು ಮನಶ್ಶಾಸ್ತ್ರ ಕಂಡುಕೊಂಡಿದೆ. "ನನಗೆ ಸಿಟ್ಟಿಲ್ಲ ಮಗೂ, ನಿನಗೆ ಜ್ವರ ಬಂತೇನೋ ಎಂದು ಅಂಜಿದೆ" ಎನ್ನಲು ಅಜ್ಜಿಗಾಗಲಿ ಮೇಷ್ಟರಿಗಾಗಲಿ ಯಾವ ತರಬೇತಿಯೂ ಬೇಕಿಲ್ಲ.