ಹಗುರ ಲ್ಯಾಪ್‌ಟಾಪಿನ ಭಾರ

ಕಾಲೇಜು ಪ್ರವೇಶದ ದಿನಗಳು ಬಂದವೆಂದರೆ ನಮ್ಮ ನಾಲ್ಕೂ ತಾಲೂಕುಗಳ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೆ ಲ್ಯಾಪ್‌ಟಾಪ್ ಬೇಕು. 40 ಸಾವಿರದ ಸಾಧಾರಣ ಯಂತ್ರ ಸಾಕೆ, ಅಥವಾ 80 ಸಾವಿರ ಕೊಟ್ಟು ತೆಳ್ಳನೆಯ, ಹಗುರವಾದುದನ್ನೇ ಈಗ ತರಬೇಕೆ? ಪರಿಸರ ಪತ್ರಿಕೆಗೆ ಇದರಲ್ಲೇನು ಕೆಲಸವೆಂದು ಹಿರಿಯರು ಕೇಳಬಹುದು. ಅಣೆಕಟ್ಟು, ಗಣಿ, ಕಾಗದದ ಕಾರ್ಖಾನೆಗಳ ಕುರಿತು ಇಷ್ಟು ವರ್ಷ ಮಾತನಾಡಿದವರು, ಅವುಗಳ ಫಲವಾಗಿ ಮನೆಯೊಳಗೆ ಬರುವ ವಸ್ತುವಿನ ಕುರಿತು ಮೌನ ವಹಿಸುವುದು ಸಲ್ಲದು.

ಜಾಹೀರಾತಿನಲ್ಲಿ ಹಗುರ ಲ್ಯಾಪ್‌ಟಾಪನ್ನು ಹಿಡಿದು ನಿಲ್ಲುವವನು ವಿಮಾನವೇರುವ ಅಧಿಕಾರಿ. ಅವನಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಅವನ ಚೀಲಕ್ಕೆ ಗಾಲಿಗಳಿವೆ. ಜೋಯಿಡಾದ ಕಾಡಿನ ಕೇರಿಯಿಂದ ಗುಡ್ಡವಿಳಿದು, ಹಳ್ಳ ದಾಟಿ, ಕೊಡೆ ಹಿಡಿದು ಬಸ್ಸಿನ ರಸ್ತೆಗೆ ಬರುವ ಹುಡುಗಿಗೆ ಅಗತ್ಯವಿದೆ. ಆದುದರಿಂದ ಹಗುರತನವನ್ನು ಬರಿಯ ಶೋಕಿಯೆಂದು ನಾನು ತಳ್ಳಿಹಾಕಲಾರೆ. ಆದರೆ ಲೆಕ್ಕ ನೋಡೋಣ. 15.6 ಅಂಗುಲ ಪರದೆಯ ಸಾಮಾನ್ಯ ಯಂತ್ರ ಸುಮಾರು 1.7 ಕಿಲೋ, ದುಬಾರಿಯದು ಸುಮಾರು 1.2 ಕಿಲೋ. ಚಾರ್ಜರುಗಳ ವ್ಯತ್ಯಾಸ ಸೇರಿಸಿದರೂ ಉಳಿಯುವುದು ಆರೇಳುನೂರು ಗ್ರಾಂ, ಎಂದರೆ ಒಂದು ದಪ್ಪ ಪಠ್ಯಪುಸ್ತಕದ ತೂಕ. ಅದಕ್ಕಾಗಿ ತೆರುವ 40 ಸಾವಿರ ರೂಪಾಯಿ, ಎರಡೆಕರೆ ಭತ್ತದ ಗದ್ದೆಯ ಮನೆಯಲ್ಲಿ ಇಡೀ ವರ್ಷಕ್ಕೂ ಉಳಿಯುವ ಹಣವಲ್ಲ.

ಗ್ರಾಮಿಗಿಂತ ವ್ಯಾಟು ನಮಗೆ ಮುಖ್ಯ. ಕಾಳಿಯ ನೀರಿನಿಂದ ಹುಟ್ಟುವ ವಿದ್ಯುತ್ತು ನಾಡಿಗೆಲ್ಲ ಹರಿಯುತ್ತದೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಗಾಗಿ ಊರು ಬಿಟ್ಟು ರಾಮನಗರಕ್ಕೆ ಬಂದವರ ತಾಲೂಕಿನಲ್ಲಿಯೇ, ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಒಳಗಿನ ಕೇರಿಗಳಿಗೆ ಬೆಳಕು ಮರಳಲು ದಿನಗಳೇ ಬೇಕು. ಅಲ್ಲಿ ಆಸರೆ ಸೌರದೀಪದ್ದು. 12 ವೋಲ್ಟ್, 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಶಕ್ತಿಯಿದ್ದರೂ, ಅದು ಬಾಳಿಕೆ ಬರಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಎಂದರೆ 240. ಐದು ವ್ಯಾಟಿನ ನಾಲ್ಕು ದೀಪ ನಾಲ್ಕು ಗಂಟೆ ಉರಿದರೆ 80 ಹೋಯಿತು. 20 ವ್ಯಾಟ್ ತಿನ್ನುವ ಹಳೆಯ ದೊಡ್ಡ ಲ್ಯಾಪ್‌ಟಾಪಿನಲ್ಲಿ ಆರು ಗಂಟೆ ಓದಿದರೆ 120. ಇನ್ವರ್ಟರಿನಲ್ಲಿ ಪೋಲಾಗುವುದನ್ನು ಕೂಡಿಸಿದರೆ ಉಳಿದುದೆಲ್ಲ ಬಹುಪಾಲು ಮುಗಿಯುತ್ತದೆ. ಮೋಡ ಮುಸುಕಿದ ಮರುದಿನ ಮನೆ ಕತ್ತಲು. ಏಳು ವ್ಯಾಟಿನಲ್ಲಿ ನಡೆಯುವ ಹೊಸ ಯಂತ್ರಕ್ಕೆ ಅದೇ ಓದಿಗೆ 42 ಸಾಕು. ಅದು ಯುಎಸ್‌ಬಿ-ಸಿ ತಂತಿಯಿಂದ ಚಾರ್ಜ್ ಆಗುವಂಥದಾದರೆ, ಕಾರಿನಲ್ಲಿ ಬಳಸುವ ತಕ್ಕ ಸಾಮರ್ಥ್ಯದ ಚಾರ್ಜರಿನ ಮೂಲಕ ನೇರವಾಗಿ 12 ವೋಲ್ಟ್ ಬ್ಯಾಟರಿಗೆ ಜೋಡಿಸಬಹುದು, ಇನ್ವರ್ಟರೇ ಬೇಡ. ದುಬಾರಿ ಯಂತ್ರದ ಪರವಾಗಿ ನಾನು ಒಪ್ಪುವ ಬಲವಾದ ವಾದ ಇದೊಂದೇ. ಅಂಗಡಿಯವರು ಇದನ್ನು ಹೇಳುವುದಿಲ್ಲ; ಅವರು ತಕ್ಕಡಿಯ ಮಾತನ್ನೇ ಆಡುತ್ತಾರೆ. ಈ ಗುಣ ಇರುವುದು ಪ್ರೊಸೆಸರಿನಲ್ಲಿ ಮತ್ತು ಪರದೆಯಲ್ಲಿ, ತೆಳ್ಳನೆಯ ಮೈಯಲ್ಲಲ್ಲ. ಮಧ್ಯಮ ಬೆಲೆಯ ಹಲವು ಯಂತ್ರಗಳಲ್ಲೂ ಅದು ದೊರೆಯುತ್ತದೆ.

ತೆಳ್ಳನೆಯ ಮೈಗೆ ನಾವು ತೆರುವ ಬೆಲೆ ಬೇರೆ. ಆಪಲ್ ಕಂಪನಿ 2008ರಲ್ಲಿ ಮ್ಯಾಕ್‌ಬುಕ್ ಏರ್ ತಂದಾಗಲೇ ಮೆಮೊರಿಯನ್ನು ಬೋರ್ಡಿಗೆ ಬೆಸುಗೆ ಹಾಕಲಾಗಿತ್ತು. ಇಂದು ತೆಳು ಯಂತ್ರಗಳಲ್ಲಿ ಹೆಚ್ಚಿನವು ಅದೇ ದಾರಿಯವು. 8 ಜಿಬಿ ಸಾಲದಾದಾಗ ಇನ್ನೊಂದು ಪಟ್ಟಿ ಸೇರಿಸಲು ಜಾಗವೇ ಇಲ್ಲ. ಕೆಲವದರಲ್ಲಿ ಬ್ಯಾಟರಿಯನ್ನೂ ಅಂಟಿಸಿರುತ್ತಾರೆ. ಲಿಥಿಯಂ ಬ್ಯಾಟರಿಯಾದರೋ ಕೆಲವು ನೂರು ಸಲ ಚಾರ್ಜ್ ಆದೊಡನೆ ಸೊರಗತೊಡಗುವ ವಸ್ತು. ಗೋಡೆಗೆ, ಬಟ್ಟೆಗೆ ಬೂಸ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ತೇವ ಬೋರ್ಡನ್ನೂ ಬಿಡುವುದಿಲ್ಲ. ಬಿಚ್ಚಿ ಒರೆಸಿ, ಕೆಟ್ಟ ಭಾಗವಷ್ಟನ್ನೇ ಬದಲಿಸುವಂತಿದ್ದರೆ ದಾಂಡೇಲಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಒಬ್ಬ ಮೆಕ್ಯಾನಿಕ್ ಅದನ್ನು ಉಳಿಸಬಲ್ಲ. ಎಲ್ಲವೂ ಒಂದೇ ಬೋರ್ಡಿನಲ್ಲಿದ್ದರೆ ರಿಪೇರಿಯ ಖರ್ಚು ಹೊಸದರ ಬೆಲೆಯ ಸಮೀಪಕ್ಕೆ ಹೋಗುತ್ತದೆ.

ಇಲ್ಲಿಯೇ ಪರಿಸರದ ಪ್ರಶ್ನೆಯೂ ಬರುತ್ತದೆ. ಲ್ಯಾಪ್‌ಟಾಪು ತನ್ನ ಆಯುಷ್ಯದಲ್ಲಿ ಹೊರಿಸುವ ಇಂಗಾಲದ ಹೊರೆಯ ಬಹುಪಾಲು ನಮ್ಮ ಕೈ ಸೇರುವ ಮೊದಲೇ, ತಯಾರಿಕೆಯಲ್ಲಿ ಮುಗಿದಿರುತ್ತದೆ. ಕಂಪನಿಗಳು ತಾವೇ ಪ್ರಕಟಿಸುವ ಲೆಕ್ಕಗಳೂ ಇದನ್ನೇ ಹೇಳುತ್ತವೆ. ಬ್ಯಾಟರಿಯ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ ಗಣಿಗಳದು. ಹೊಳೆಯುವ ಮೈಯ ಅಲ್ಯುಮಿನಿಯಂ ಬಾಕ್ಸೈಟಿನಿಂದ ಬರುತ್ತದೆ. ಅದೇ ಬಾಕ್ಸೈಟಿಗಾಗಿ ತಮ್ಮ ಬೆಟ್ಟ ಕೊಡಲಾರೆವೆಂದು ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು 2013ರಲ್ಲಿ ಒಂದೇ ಮಾತಿನಲ್ಲಿ ಹೇಳಿದವು. ಹಾಗಾಗಿ ಮೂರು ವರ್ಷಕ್ಕೆ ಮೂಲೆ ಸೇರುವ ಯಂತ್ರ, ಅಗ್ಗದ್ದಿರಲಿ ದುಬಾರಿಯಿರಲಿ, ಯಾರದೋ ಬೆಟ್ಟಕ್ಕೆ ನಷ್ಟ. ಎಂಟು ವರ್ಷ ಬಾಳುವುದಾದರೆ ಹೆಚ್ಚು ಹಣ ಕೊಡುವುದರಲ್ಲಿ ತಪ್ಪಿಲ್ಲ.

ಇನ್ನು 'ಈಗ' ಎಂಬ ಮಾತು. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತವಾಗಿ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಅವನ್ನು ರಾಶಿರಾಶಿಯಾಗಿ ಕೊಳ್ಳುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಇಂಥ ಹೊತ್ತಿನಲ್ಲಿ, ನಡೆಯುತ್ತಿರುವ ಯಂತ್ರ ಮನೆಯಲ್ಲಿದ್ದರೆ ಬ್ಯಾಟರಿ ಬದಲಿಸಿ ಮುಂದುವರಿಯುವುದೇ ಜಾಣತನ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆಯೆಂದು ಹಳೆಯದನ್ನು ಗುಜರಿಗೆ ಹಾಕಬೇಕಿಲ್ಲ. ಉಚಿತವಾದ ಲಿನಕ್ಸ್ ಅದರಲ್ಲಿ ಚೆನ್ನಾಗಿಯೇ ಓಡುತ್ತದೆ, ಕನ್ನಡವನ್ನೂ ಬರೆಯುತ್ತದೆ. ಏನೂ ಇಲ್ಲದವರು ಹುಬ್ಬಳ್ಳಿಯಂಥ ಪೇಟೆಯಲ್ಲಿ, ಕಂಪನಿಗಳು ಬಳಸಿ ಬಿಟ್ಟ ಕಚೇರಿ ದರ್ಜೆಯ ಸೆಕೆಂಡ್ ಹ್ಯಾಂಡ್ ಯಂತ್ರಗಳನ್ನು ವಿಚಾರಿಸಲಿ. ಉದಾಹರಣೆಗೆ 2018ರ ಡೆಲ್ ಲ್ಯಾಟಿಟ್ಯೂಡ್ 7490 ಸುಮಾರು 1.4 ಕಿಲೋ ತೂಗುತ್ತದೆ. ಮೆಮೊರಿ, ಬ್ಯಾಟರಿ ಎರಡನ್ನೂ ಬದಲಿಸಬಹುದು. ವಿಂಡೋಸ್ 11 ಕೂಡ ನಡೆಯುತ್ತದೆ. ಹಗುರತನದ ಮುಕ್ಕಾಲು ಸುಖ ದೊರೆಯುತ್ತದೆ, ಸಾಲ ಬೇಕಾಗುವುದಿಲ್ಲ.

ಎಲ್ಲರಿಗೂ ಒಂದೇ ಉತ್ತರವಿಲ್ಲ. ಹಳಿಯಾಳ, ಮುಂಡಗೋಡ ಪೇಟೆಗಳ ಆಸುಪಾಸಿನಲ್ಲಿದ್ದು, ಕರೆಂಟು ಮತ್ತು ಬಸ್ಸು ಮನೆಯ ಹತ್ತಿರವೇ ಇರುವವರು 80 ಸಾವಿರ ಸುರಿಯುವುದು ನನ್ನ ದೃಷ್ಟಿಯಲ್ಲಿ ದಂಡ. ಟೈಪ್ ಮಾಡಲು, ಅರ್ಜಿ ತುಂಬಲು ಮಾತ್ರ ಬೇಕಾದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದೆಯೇ ಎಂದು ಮೊದಲು ನೋಡಲಿ. ಸೌರದೀಪದ ಮನೆಯಿಂದ ನಿತ್ಯ ನಡೆದು ಬರುವ, ನಾಲ್ಕು ವರ್ಷದ ಇಂಜಿನಿಯರಿಂಗ್ ಓದಲಿರುವ ವಿದ್ಯಾರ್ಥಿಗೆ ಮಾತ್ರ ನಾನು ಹೌದು ಎಂದೇನು. ಅಲ್ಲಿಯೂ ಶರತ್ತುಗಳಿವೆ: ಮೆಮೊರಿ ಬೆಸೆದದ್ದಾದರೆ 16 ಜಿಬಿಗಿಂತ ಕಡಿಮೆ ಬೇಡ, ಬ್ಯಾಟರಿ ಸ್ಕ್ರೂ ಬಿಚ್ಚಿ ತೆಗೆಯುವಂತಿರಬೇಕು. ಬಿಲ್ಲು ಮಾಡಿಸುವ ಮೊದಲು ಯಂತ್ರವನ್ನು ಮಗುಚಿ ತಳ ನೋಡಿ; ಬದಲಿ ಬ್ಯಾಟರಿಗೆ ಎಷ್ಟಾಗುತ್ತದೆ, ಎಷ್ಟು ದಿನದಲ್ಲಿ ತರಿಸಿಕೊಡುವಿರಿ ಎಂದು ಅಂಗಡಿಯವರಿಂದ ಬರೆಸಿಕೊಳ್ಳಿ. ಉಬ್ಬಿದ ಹಳೆಯ ಬ್ಯಾಟರಿಯನ್ನು ತಿಪ್ಪೆಗೂ ಒಲೆಗೂ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಕೆಟ್ಟ ಯಂತ್ರದ ಹೊಣೆ ತಯಾರಕರ ಮೇಲಿದೆ. ಅದನ್ನು ಎಲ್ಲಿ ಹಿಂತಿರುಗಿಸಬೇಕೆಂಬುದನ್ನೂ ಕೊಳ್ಳುವ ದಿನವೇ ಕೇಳಿ.